ಪ್ರತಿಕ್ರಿಯೆ: ಜ್ವರ ಬಿಟ್ಟವರಿಗೆ ಚಹಾ ಮತ್ತು ಗಂಜಿ

ಜ್ವರ ಬಿಟ್ಟು ಎರಡು ದಿನವಾದರೂ ನಿಮ್ಮ ತಾಯಿಯವರಿಗೆ ಚಹಾ ಒಗರೆನಿಸುತ್ತಿದೆ, ಗಂಜಿಯೂ ಸೇರುತ್ತಿಲ್ಲ, ಏನು ಮಾಡಲಿ ಎಂದು ಕೇಳಿದ್ದೀರಿ. ಚಹಾಪುಡಿ ಹೆಚ್ಚು ಹೊತ್ತು ಕುದ್ದಷ್ಟೂ ಟ್ಯಾನಿನ್ ನೀರಿಗಿಳಿದು ಒಗರು ಏರುತ್ತದೆ. ಆದ್ದರಿಂದ ಜಜ್ಜಿದ ಶುಂಠಿ ಮತ್ತು ನಾಲ್ಕು ಕಾಳು ಕರಿಮೆಣಸನ್ನು ಮೊದಲು ನೀರಿನಲ್ಲಿ 5 ನಿಮಿಷ ಕುದಿಸಿ, ಒಲೆ ಆರಿಸಿದ ಮೇಲಷ್ಟೇ ಪುಡಿ ಹಾಕಿ ಮುಚ್ಚಿಟ್ಟು, 3 ನಿಮಿಷಕ್ಕೆ ಸೋಸಿ ಬೆಲ್ಲ ಬೆರೆಸಿ ಕೊಡಿ. ಊಟಕ್ಕೂ ಚಹಾಕ್ಕೂ ಒಂದು ಗಂಟೆಯ ಅಂತರವಿರಲಿ; ಆಹಾರದ ಕಬ್ಬಿಣಾಂಶ ಮೈಗೆ ಹತ್ತುವುದನ್ನು ಚಹಾ ತಡೆಯುತ್ತದೆ.

ಗಂಜಿಗೆ ನುಚ್ಚಕ್ಕಿಯೇ ಲೇಸು. ಒಂದು ಪಾಲು ಅಕ್ಕಿಗೆ ಎಂಟು ಪಾಲು ನೀರಿಟ್ಟು, ಅಗುಳನ್ನು ಎರಡು ಬೆರಳ ನಡುವೆ ಒತ್ತಿದರೆ ಬೆಣ್ಣೆಯಂತೆ ಜಾರುವವರೆಗೆ ಸಣ್ಣ ಉರಿಯಲ್ಲಿ ಬೇಯಿಸಿ, ಉಪ್ಪು, ಹುರಿದ ಜೀರಿಗೆ, ಅರ್ಧ ಚಮಚ ತುಪ್ಪ ಸೇರಿಸಿ. ಮಡಿಕೇರಿಯ ಮಳೆಯ ಚಳಿಗೆ ಬಟ್ಟಲಿನ ಗಂಜಿ ಬೇಗ ಆರಿ ಕೆನೆಗಟ್ಟುತ್ತದೆ, ಕೆನೆ ಕಂಡರೆ ರೋಗಿಗೆ ಓಕರಿಕೆ. ಲೋಟದಲ್ಲಿ ಸ್ವಲ್ಪ ಸ್ವಲ್ಪವೇ ಬಿಸಿಯಾಗಿ ಕೊಡಿ. ನಂಜಿಕೊಳ್ಳಲು ಕೈಪುಳಿ (ಕೊಡಗಿನ ಕಹಿ ಕಿತ್ತಳೆ) ಉಪ್ಪಿನಕಾಯಿಯ ರಸ ಸಾಕು. ಕಾಚಂಪುಳಿ, ಅಂದರೆ ಹುಳಿಹಣ್ಣಿನ ರಸ ಕುದಿಸಿ ಮಾಡುವ ಕೊಡಗಿನ ಕಪ್ಪು ಹುಳಿ, ಹಾಕುವವರೂ ಇದ್ದಾರೆ, ಆದರೆ ಖಾಲಿ ಹೊಟ್ಟೆಗೆ ಅಷ್ಟು ಹುಳಿ ನನಗೆ ಸರಿ ಕಾಣದು. ಜ್ವರ ಮರುಕಳಿಸಿದರೆ ಅಥವಾ ಮೂತ್ರ ಕಡಿಮೆಯಾದರೆ ಅಡುಗೆಮನೆಯನ್ನು ನಂಬದೆ ಅಂದೇ ವೈದ್ಯರಲ್ಲಿಗೆ ಕರೆದೊಯ್ಯಿರಿ.