ಗವರ್ನಮೆಂಟ್ ಅಕೌಂಟಿಂಗ್ ಅನ್ನು ಬರೀ ಟೆಕ್ಸ್ಟ್‌ಬುಕ್ ಓದಿ ಕಲಿಯಬಹುದಾ?

ನೀವು ಕೇಳಿದ್ದು ಇಷ್ಟು: ಬಿಕಾಂ ಮುಗಿದಿದೆ, ಅಮೆರಿಕದ ಊರುಗಳ ಲೆಕ್ಕ ಆಡಿಟ್ ಮಾಡುವ ಕೆಲಸ ಮಂಗಳೂರಿನ ಒಂದು ಆಫೀಸಿನಲ್ಲಿ ಸಿಕ್ಕಿದೆ, ಸೇರಲಿಕ್ಕೆ ಎರಡು ತಿಂಗಳು ಉಂಟು. ಸೀನಿಯರ್ ಒಬ್ಬರು ಕೊಟ್ಟ ದಪ್ಪ ಟೆಕ್ಸ್ಟ್‌ಬುಕ್ ಒಂದು ಕೈಯಲ್ಲಿದೆ, ಹೇಳಿಕೊಡುವವರು ಯಾರೂ ಇಲ್ಲ. ಅಷ್ಟರಲ್ಲಿ ಆಗುತ್ತದಾ?

ಆಗುತ್ತದೆ. ನಾನೂ ಹಾಗೆಯೇ ಕಲಿತದ್ದು, ಉಡುಪಿಯಲ್ಲಿ ಕೂತು. ಆದರೆ ಮೊದಲ ಸಲ ಓದಿದಾಗ ಏನೂ ತಲೆಗೆ ಹೋಗಲಿಲ್ಲ. ನೂರು ಪುಟಕ್ಕೆ ಹಳದಿ ಮಾರ್ಕರ್ ಎಳೆದೆ, ಅಷ್ಟೆ. ತೊಂದರೆ ಇಂಗ್ಲಿಷಿನದ್ದಲ್ಲ. ನಾವು ಬಿಕಾಂನಲ್ಲಿ ಕಲಿತದ್ದು ಲಾಭ ಎಷ್ಟು ಅಂತ ಹುಡುಕುವ ಲೆಕ್ಕ. ಇಲ್ಲಿ ಆ ಪ್ರಶ್ನೆಯೇ ಇಲ್ಲ. ಯಾವುದಕ್ಕೆ ಅಂತ ಕೊಟ್ಟ ದುಡ್ಡು ಅದಕ್ಕೇ ಹೋಯಿತಾ, ಅದೇ ಪ್ರಶ್ನೆ.

ಇದು ನನಗೆ ಅರ್ಥವಾದದ್ದು ನಮ್ಮೂರಿನ ಒಂದು ಭಜನಾ ಮಂದಿರದ ಮಹಾಸಭೆಯಲ್ಲಿ. ಆ ವರ್ಷ ಎರಡು ರಶೀದಿ ಪುಸ್ತಕ ಮಾಡಿಸಿದ್ದರು. ಬಿಳಿಯದು ಮಂಗಲೋತ್ಸವಕ್ಕೆ, ಹಳದಿಯದು ಮಂದಿರಕ್ಕೆ ಹೊಸ ಮಾಡು ಹೊದೆಸಲಿಕ್ಕೆ. ಮಾಡು ಅಂದರೆ ಚಾವಣಿ, ಘಟ್ಟದ ಮೇಲಿನವರಿಗಾಗಿ ಹೇಳಿದೆ. ಉತ್ಸವದ ದಿನ ಜನ ಜಾಸ್ತಿಯಾಗಿ ಅಡುಗೆಯವರ ಬಿಲ್ಲು ಏರಿತು. ಬಿಳಿ ಲೆಕ್ಕದಲ್ಲಿ ದುಡ್ಡಿಲ್ಲ. ಕೋಶಾಧಿಕಾರಿ ಮಾಡಿನ ದುಡ್ಡಿನಿಂದ ಹದಿನೆಂಟು ಸಾವಿರ ತೆಗೆದು ಕೊಟ್ಟರು. ಒಂದು ಪೈಸೆ ಅತ್ತಿತ್ತ ಆಗಿರಲಿಲ್ಲ. ಬ್ಯಾಂಕ್ ಖಾತೆ ಒಂದೇ, ಒಟ್ಟು ಲೆಕ್ಕ ಸರಿಯಾಗಿ ತಾಳೆಯಾಗುತ್ತಿತ್ತು. ಆದರೂ ಹಿಂದಿನ ಸಾಲಿನಿಂದ ಒಬ್ಬರು ಎದ್ದು, "ನಾನು ಕೊಟ್ಟದ್ದು ಮಾಡಿಗೆ ಮಾರಾಯ್ರೆ, ಪಾಯಸಕ್ಕಲ್ಲ" ಅಂದರು. ಅಲ್ಲಿಂದ ಒಂದು ಗಂಟೆ ಗಲಾಟೆ. ಕೊನೆಗೆ ಮಿನಿಟ್ ಬುಕ್ಕಿನಲ್ಲಿ ಬರೆದರು: ಉತ್ಸವದ ಲೆಕ್ಕದಿಂದ ಮಾಡಿನ ಲೆಕ್ಕಕ್ಕೆ ರೂ. 18,000 ಬರಬೇಕು.

ಮನೆಗೆ ಬಂದು ಪುಸ್ತಕ ಬಿಡಿಸಿದರೆ ಅಲ್ಲೂ ಅದೇ ಸಾಲು. ಒಂದು ಕಡೆ 'ಡ್ಯೂ ಟು ಅದರ್ ಫಂಡ್ಸ್', ಇನ್ನೊಂದು ಕಡೆ 'ಡ್ಯೂ ಫ್ರಮ್ ಅದರ್ ಫಂಡ್ಸ್'. ಫಂಡ್ ಅಂದರೆ ಬ್ಯಾಂಕ್ ಖಾತೆ ಅಂತ ನಾನು ಅಲ್ಲಿಯವರೆಗೆ ತಿಳಿದಿದ್ದೆ. ಅಲ್ಲ. ತನ್ನದೇ ಆಸ್ತಿ, ತನ್ನದೇ ಬಾಕಿ, ತನ್ನದೇ ಉಳಿಕೆ ಇರುವ ಒಂದು ಪೂರ್ತಿ ಲೆಕ್ಕ ಅದು. ಜನರಲ್ ಫಂಡ್, ಸ್ಪೆಷಲ್ ರೆವೆನ್ಯೂ, ಕ್ಯಾಪಿಟಲ್ ಪ್ರಾಜೆಕ್ಟ್ಸ್, ಡೆಟ್ ಸರ್ವೀಸ್ ಅಂತ ಬರುತ್ತದಲ್ಲ, ಅವನ್ನೆಲ್ಲ ಬೇರೆ ಬೇರೆ ಬಣ್ಣದ ರಶೀದಿ ಪುಸ್ತಕ ಅಂತ ಓದಿಕೊಳ್ಳಿ.

ಬಿಕಾಂನವರು ಮುಂದೆ ಎಡವುವುದು ಬಜೆಟ್ ಎಂಟ್ರಿಯಲ್ಲಿ. ವರ್ಷದ ಮೊದಲ ದಿನ, ಒಂದು ಡಾಲರ್ ಕೂಡ ಬರುವ ಮುಂಚೆ, 'ಎಸ್ಟಿಮೇಟೆಡ್ ರೆವೆನ್ಯೂಸ್' (ಬರಬಹುದಾದ ಆದಾಯ) ಡೆಬಿಟ್, 'ಅಪ್ರೋಪ್ರಿಯೇಷನ್ಸ್' (ಖರ್ಚಿಗೆ ಕೊಟ್ಟ ಮಂಜೂರಾತಿ) ಕ್ರೆಡಿಟ್. ಆದಾಯ ಎಲ್ಲಾದರೂ ಡೆಬಿಟ್ ಆಗುತ್ತದಾ? ಪ್ರಿಂಟಿನ ತಪ್ಪು ಅಂತ ಪೆನ್ಸಿಲಿನಲ್ಲಿ ತಿದ್ದಿಬಿಟ್ಟಿದ್ದೆ! ತಪ್ಪು ನನ್ನದೇ. ಬಜೆಟ್ ಖಾತೆಗಳನ್ನು ನಿಜವಾದ ಖಾತೆಗಳ ಎದುರು ಬದಿಯಲ್ಲಿ ಬರೆಯುತ್ತಾರೆ. ಆಗ ಇನ್ನೆಷ್ಟು ಬರಬೇಕು, ಇನ್ನೆಷ್ಟು ಖರ್ಚು ಮಾಡಬಹುದು ಅಂತ ಯಾವ ದಿನ ಬೇಕಾದರೂ ನೋಡಬಹುದು. ವರ್ಷದ ಕೊನೆಗೆ ಅವನ್ನು ತಿರುಗಿಸಿ ಬರೆದು ಮುಚ್ಚಿದರಾಯಿತು.

ಎನ್‌ಕಂಬ್ರನ್ಸ್ ಕೂಡ ಇದೇ ಜಾತಿಯದ್ದು. 4,000 ಡಾಲರಿನ ಆರ್ಡರ್ ಕೊಟ್ಟ ದಿನವೇ ಅಷ್ಟನ್ನು ಬಜೆಟ್ಟಿನಿಂದ ಎತ್ತಿಡುತ್ತಾರೆ. ಬಿಲ್ಲು 3,900ಕ್ಕೆ ಬಂತು ಅನ್ನಿ. ಮೊದಲು 4,000 ಪೂರ್ತಿ ರಿವರ್ಸ್, ಆಮೇಲೆ 3,900 ಖರ್ಚು. ನಾನು 3,900 ಮಾತ್ರ ರಿವರ್ಸ್ ಮಾಡಿ, ಉಳಿದ 100 ಎಲ್ಲಿಂದ ಬಂತು ಅಂತ ಒಂದು ಸಂಜೆ ಪೂರ್ತಿ ತಲೆ ಕೆಡಿಸಿಕೊಂಡಿದ್ದೆ. ಇದೆಲ್ಲ ಸುಮ್ನೆ ಓದಿದರೆ ಬರುವುದಿಲ್ಲ. ನೋಟ್‌ಬುಕ್ಕಿನಲ್ಲಿ ಟಿ ಅಕೌಂಟ್ ಹಾಕಿ, ಕೈಯಲ್ಲೇ ಬರೆಯಿರಿ. ಎಕ್ಸೆಲ್ ಆಮೇಲೆ.

ಇನ್ನೊಂದು ವಿಚಿತ್ರ. ಜನರಲ್ ಫಂಡಿನಿಂದ ಫೈರ್ ಇಂಜಿನ್ ಕೊಂಡರೆ ಆ ಫಂಡಿನ ಬ್ಯಾಲೆನ್ಸ್ ಶೀಟಿನಲ್ಲಿ ಅದು ಕಾಣುವುದೇ ಇಲ್ಲ. ಪೂರ್ತಿ ಆ ವರ್ಷದ ಖರ್ಚು, ಸವಕಳಿಯೂ ಇಲ್ಲ. ಬಾಂಡ್ ಮಾಡಿ ತಂದ ಸಾಲವೂ ಅಲ್ಲಿ ಸಾಲವಾಗಿ ಕೂರುವುದಿಲ್ಲ. ಎರಡೂ ಕಾಣುವುದು ಇಡೀ ಊರಿನ ಒಟ್ಟು ಲೆಕ್ಕದಲ್ಲಿ. ಹೀಗೆ ಎರಡು ಬಗೆಯಲ್ಲಿ ತೋರಿಸಬೇಕು ಅಂತ ಮಾಡಿದ್ದು ಗ್ಯಾಸ್ಬಿಯ (GASB, ಅಮೆರಿಕದ ರಾಜ್ಯ ಮತ್ತು ಊರುಗಳ ಲೆಕ್ಕಕ್ಕೆ ನಿಯಮ ಮಾಡುವ ಮಂಡಳಿ) 34ನೇ ಸ್ಟೇಟ್‌ಮೆಂಟ್, 1999ರಲ್ಲಿ. ಒಂದರಿಂದ ಇನ್ನೊಂದಕ್ಕೆ ದಾಟಿಸುವ ರಿಕನ್ಸಿಲಿಯೇಷನ್ ಪುಟ ಒಂದು ಇರುತ್ತದೆ. ಅದರ ಪ್ರತಿ ಸಾಲು ಯಾಕೆ ಬಂತು ಅಂತ ಹೇಳಲಿಕ್ಕೆ ಬಂದರೆ ನೀವು ಪಾಸ್.

ಹಾಂ, ನಿಮ್ಮ ಪುಸ್ತಕ ಎಷ್ಟು ಹಳೆಯದು ನೋಡಿ. ವಾರ್ಷಿಕ ವರದಿಗೆ 'ಸಿಎಎಫ್‌ಆರ್' (ಕಾಂಪ್ರಹೆನ್ಸಿವ್ ಆನ್ಯುಯಲ್ ಫೈನಾನ್ಷಿಯಲ್ ರಿಪೋರ್ಟ್) ಅಂತ ಹೆಸರಿದ್ದರೆ 2021ರ ಬದಲಾವಣೆಗೆ ಮುಂಚಿನದು. ಆ ಅಕ್ಷರಗಳನ್ನು ಒಟ್ಟಿಗೆ ಹೇಳಿದರೆ ದಕ್ಷಿಣ ಆಫ್ರಿಕಾದಲ್ಲಿ ಕಪ್ಪು ಜನರನ್ನು ಬೈಯುವ ಒಂದು ಕೆಟ್ಟ ಮಾತಿನ ಹಾಗೆ ಕೇಳುತ್ತದೆ ಅಂತ ಪದಗಳನ್ನು ಅದಲುಬದಲು ಮಾಡಿ 'ಎಸಿಎಫ್‌ಆರ್' ಮಾಡಿದರು. ಪುಸ್ತಕದ ನಾನ್‌ಪ್ರಾಫಿಟ್ (ಲಾಭಕ್ಕಲ್ಲದ ಸಂಸ್ಥೆಗಳ) ಭಾಗದಲ್ಲಿ ನೆಟ್ ಅಸೆಟ್ಸ್ (ಆಸ್ತಿಯಲ್ಲಿ ಬಾಕಿ ಕಳೆದು ಉಳಿದದ್ದು) ಮೂರು ಬಗೆ ಅಂತ ಇದ್ದರೆ ಇನ್ನೂ ಹಳೆಯದು. 2016ರ ತಿದ್ದುಪಡಿ ಆದ ಮೇಲೆ ಎರಡೇ: ದಾನಿಯ ಷರತ್ತು ಇರುವುದು, ಇಲ್ಲದ್ದು. ಹಳೆಯದಾದರೂ ಬಜೆಟ್ ಅಧ್ಯಾಯಗಳಿಗೆ ಸಾಕು, ನಾನ್‌ಪ್ರಾಫಿಟ್‌ಗೆ ಹೊಸದನ್ನು ಯಾರಲ್ಲಾದರೂ ಕೇಳಿ.

ನಮ್ಮ ದೇಶದ ಲೆಕ್ಕವನ್ನು ಇದರ ಜೊತೆ ಕಲಸಬೇಡಿ. ನಮ್ಮ ರಾಜ್ಯ ಸರ್ಕಾರದ್ದು ಇವತ್ತಿಗೂ ಹೆಚ್ಚುಕಡಿಮೆ ನಗದು ಲೆಕ್ಕ. ಸಂಚಿತ ನಿಧಿ, ಸಾದಿಲ್ವಾರು ನಿಧಿ, ಸಾರ್ವಜನಿಕ ಲೆಕ್ಕ ಅಂತ ಅದರ ದಾರಿಯೇ ಬೇರೆ.

ಎರಡು ತಿಂಗಳಲ್ಲಿ ಆರು ವಾರ ಫಂಡ್ ಅಧ್ಯಾಯಗಳಿಗೇ ಕೊಡಿ. ಅಮೆರಿಕದ ಯಾವುದಾದರೂ ಸಣ್ಣ ಊರಿನ ವಾರ್ಷಿಕ ವರದಿ ಇಳಿಸಿಕೊಂಡು ಪಕ್ಕದಲ್ಲಿ ಇಟ್ಟುಕೊಳ್ಳಿ, ನೆಟ್ಟಿನಲ್ಲಿ ಫ್ರೀ ಸಿಗುತ್ತದೆ. ದೊಡ್ಡ ನಗರದ್ದು ಬೇಡ, ನೂರಾರು ಪುಟ ನೋಡಿಯೇ ಹೆದರಿಕೆಯಾಗುತ್ತದೆ. ನಾನ್‌ಪ್ರಾಫಿಟ್‌ಗೆ ಕೊನೆಯ ಒಂದು ವಾರ ಸಾಕು. ರಿಕನ್ಸಿಲಿಯೇಷನ್‌ನಲ್ಲಿ ಸಿಕ್ಕಿಬಿದ್ದರೆ ಆ ಪುಟದ ಸಾಲುಗಳನ್ನು ಇಲ್ಲೇ ಕೆಳಗೆ ಹಾಕಿ, ನೋಡುತ್ತೇನೆ.