ಯೂರಿಯಾ ಹಾಕಿದರೂ ಶೇಂಗಾ ಹಸಿರಾಗುತ್ತಿಲ್ಲ ಏಕೆ?

ಪ್ರಶ್ನೆ: ನಮ್ಮದು ಎರಿ (ಕಪ್ಪು ಮಣ್ಣಿನ) ಹೊಲ. ಶೇಂಗಾ ಬಿತ್ತಿ ತಿಂಗಳು ದಾಟಿದೆ. ವಾರಗಟ್ಟಲೆ ಜಿಟಿಜಿಟಿ ಮಳೆ ಹಿಡಿದು, ತಗ್ಗಿನಲ್ಲಿ ನೀರು ನಿಂತ ಕಡೆ ಬೆಳೆ ಹಳದಿ ಆಗಿದೆ. ಸುಳಿ ಎಲೆಯಂತೂ ಬೆಳ್ಳಗಾಗಿದೆ. ಯೂರಿಯಾ ಹಾಕಿದೆ, ಏನೂ ಬದಲಾಗಲಿಲ್ಲ. ಏನು ಮಾಡಲಿ?
– ರೈತ, ರೋಣ ತಾಲ್ಲೂಕು, ಗದಗ ಜಿಲ್ಲೆ

ಉತ್ತರ: ಇನ್ನು ಯೂರಿಯಾ ಹಾಕಬೇಡಿ, ಸುಮ್ನೆ ದುಡ್ಡು ದಂಡ. ಸಾರಜನಕ ಕಡಿಮೆ ಆದರೆ ಕೆಳಗಿನ ಹಳೆ ಎಲೆ ಮೊದಲು ಹಳದಿ ಆಗುತ್ತದೆ. ನಿಮ್ಮಲ್ಲಿ ಸುಳಿಯಿಂದ ಶುರುವಾಗಿದೆ, ಅಲ್ವಾ? ಒಂದು ಎಳೆ ಎಲೆ ಕಿತ್ತು ಬಿಸಿಲಿಗೆ ಹಿಡಿದು ನೋಡಿ. ನರ ಹಸಿರಾಗಿದ್ದು ನಡುವೆಲ್ಲ ಹಳದಿ ಇದ್ದರೆ ಅದು ಕಬ್ಬಿಣದ ಕೊರತೆ. ಎಲೆಯಲ್ಲಿ ಹಸಿರು ತಯಾರಾಗಲು ಕಬ್ಬಿಣ ಬೇಕೇ ಬೇಕು. ಹಳೆ ಎಲೆಗೆ ಸೇರಿದ ಕಬ್ಬಿಣ ಅಲ್ಲಿಂದ ಸುಲಭಕ್ಕೆ ಹೊಸ ಎಲೆಗೆ ಹೋಗುವುದಿಲ್ಲ, ಅದಕ್ಕೇ ಸುಳಿಗೆ ಮೊದಲ ಪೆಟ್ಟು.

ಮಣ್ಣಲ್ಲಿ ಕಬ್ಬಿಣ ಬೇಕಾದಷ್ಟಿದೆ. ಆದರೆ ನಮ್ಮ ಕಡೆಯ ಎರಿ ಭೂಮಿಯಲ್ಲಿ ಸುಣ್ಣ ಜಾಸ್ತಿ, ರಸಸಾರ (ಪಿಎಚ್, ಅಂದರೆ ಮಣ್ಣಿನ ಹುಳಿ-ಕ್ಷಾರದ ಅಳತೆ) 8 ದಾಟಿದ ಹೊಲಗಳು ಎಷ್ಟೋ ಇವೆ; ಅಂಥಲ್ಲಿ ಕಬ್ಬಿಣ ನೀರಲ್ಲಿ ಕರಗದೆ ತುಕ್ಕಿನ ಹಾಗೆ ಮಣ್ಣಿಗೇ ಅಂಟಿ ಕೂತುಬಿಡುತ್ತದೆ, ಬೇರಿಗೆ ಸಿಗುವುದಿಲ್ಲ. ನೀರು ನಿಂತರಂತೂ ಇನ್ನೂ ಕಷ್ಟ. ಹಾಗಾಗಿ ಮೊದಲು ಕಾಲುವೆ ತೆಗೆದು ನೀರು ಬಸಿದು ಹಾಕಿ. ಹೊಲ ಆರಿದ ಮೇಲೆ ಹೊಸ ಎಲೆ ತಾನಾಗಿ ಹಸಿರು ಬರುವುದೂ ಉಂಟು.

ಬಾರದಿದ್ದರೆ ಅನ್ನಭೇದಿ (ಕಬ್ಬಿಣದ ಸಲ್ಫೇಟ್) ಸಿಂಪಡಿಸಿ. ಲೀಟರ್ ನೀರಿಗೆ ಮೊದಲು 1 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಕರಗಿಸಿ, ಆಮೇಲೆ 5 ಗ್ರಾಂ ಅನ್ನಭೇದಿ ಹಾಕಿ. ಹರಳು ತಿಳಿ ಹಸಿರು ಇರಬೇಕು. ಕಂದು ಪುಡಿ ಕೊಟ್ಟರೆ ವಾಪಸ್ ಕೊಡಿ. ಕಲಸಿದ ನೀರು ತುಕ್ಕಿನ ಬಣ್ಣಕ್ಕೆ ತಿರುಗಿದರೆ ಅದೂ ಬೇಡ. ಸಂಜೆ ಹೊತ್ತು ಎಲೆ ಪೂರ್ತಿ ನೆನೆಯುವ ಹಾಗೆ ಹೊಡೆಯಿರಿ, ಯಾಕೆಂದರೆ ಹನಿ ಬಿದ್ದಲ್ಲಿ ಮಾತ್ರ ಹಸಿರು ಚುಕ್ಕಿ ಚುಕ್ಕಿಯಾಗಿ ಮರಳುತ್ತದೆ. ಹತ್ತು ದಿನ ಬಿಟ್ಟು ಇನ್ನೊಮ್ಮೆ. ಅನ್ನಭೇದಿಯನ್ನು ಬರೀ ಮಣ್ಣಿಗೆ ಎರಚಬೇಡಿ, ಸುಣ್ಣ ಅದನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಮುಂದಿನ ವರ್ಷ ಬಿತ್ತುವ ಮುಂಚೆ ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ ಕೊಡಿ. ಡಿಎಪಿ ಗೊಬ್ಬರ ಅತಿಯಾಗಿ ಸುರಿಯಬೇಡಿ, ಅದರಲ್ಲಿರುವ ರಂಜಕ ಜಾಸ್ತಿ ಆದರೂ ಕಬ್ಬಿಣ ಸಿಗುವುದು ಕಡಿಮೆಯಾಗುತ್ತದೆ.

ಇನ್ನೊಂದು ಮಾತು. ಒಂದು ಗಿಡ ಮೆಲ್ಲಗೆ ಕಿತ್ತು ಬೇರಿನ ಗಂಟನ್ನು ಉಗುರಿಂದ ಸೀಳಿ ನೋಡಿ. ಒಳಗೆ ಕೆಂಪಗಿದ್ದರೆ ಅದು ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಕೊಡುತ್ತಿದೆ. ಆ ಕೆಂಪಿಗೂ ಕಬ್ಬಿಣವೇ ಬೇಕು. ಗಂಟು ಬಿಳಿಚಿಕೊಂಡಿದ್ದರೆ ಸಿಂಪಡಣೆಗೆ ತಡ ಮಾಡಬೇಡಿ.