ಮಲಗಿ ನೋಡಿದ್ರೆ ಕಾಣೋ ರೂಮು

ಬೆಡ್‌ರೂಮ್ ಬಗ್ಗೆ ಏನಾದ್ರೂ ಕೇಳೋದಿದ್ರೆ ಬರೀರಿ ಅಂತ ಹೋದ ತಿಂಗಳು ಹೇಳಿದ್ದೆ, ತುಂಬಾ ಪತ್ರ ಬಂದಿವೆ, ಸುಮಾರು ಜನ ಫೋಟೋನೂ ಕಳ್ಸಿದ್ದೀರ. ಎಲ್ಲಾ ಫೋಟೋನೂ ಬಾಗಿಲ ಹತ್ರ ನಿಂತು ತೆಗೆದಿರೋದು. ಅದಕ್ಕೇ ಉತ್ತರ ಓದೋಕೆ ಮುಂಚೆ ಒಂದು ಕೆಲ್ಸ ಮಾಡಿ, ಇವತ್ತು ರಾತ್ರಿ ಮಂಚದ ಮೇಲೆ ಅಂಗಾತ ಮಲಗಿ ಐದು ನಿಮಿಷ ಸುತ್ತ ನೋಡಿ. ಫ್ಯಾನಿನ ರೆಕ್ಕೆ ಧೂಳು, ಅಟ್ಟದ ಮೇಲಿನ ರಟ್ಟಿನ ಡಬ್ಬ, ಕಣ್ಣಿಗೇ ಹೊಡಿಯೋ ಟ್ಯೂಬ್‌ಲೈಟು, ಬಾಗಿಲ ಹಿಂದೆ ನೇತಾಕಿರೋ ನಿನ್ನೆ ಮೊನ್ನೆ ಬಟ್ಟೆ, ಇವೆಲ್ಲಾ ಆಗ ಕಾಣತ್ತೆ. ಈ ರೂಮಲ್ಲಿ ನೀವು ಜಾಸ್ತಿ ಹೊತ್ತು ಇರೋದೇ ಮಲಗಿಕೊಂಡು, ಹಾಗಾಗಿ ಅಲ್ಲಿಂದ ಕಾಣೋದನ್ನ ಮೊದ್ಲು ಸರಿ ಮಾಡೋಣ.

ಪ್ರಶ್ನೆ: ಅಕ್ಕಾ, ನಾವು ಬೆಂಗಳೂರಿನ ವಿಜಯನಗರದಲ್ಲಿ ಬಾಡಿಗೆ ಮನೇಲಿದ್ದೀವಿ, ಮದ್ವೆ ಆಗಿ ಒಂದೂವರೆ ವರ್ಷ. ಬೆಡ್‌ರೂಮ್ 10 ಅಡಿಗೆ 11 ಅಡಿ. ಮೊಳೆ ಹೊಡಿಯಂಗಿಲ್ಲ, ಪೇಂಟ್ ಮಾಡಿಸಂಗಿಲ್ಲ ಅಂತ ಓನರ್ ಮೊದ್ಲೇ ಹೇಳಿದಾರೆ. ಅಮ್ಮ ಕೊಟ್ಟ ಕಬ್ಬಿಣದ ಬೀರು, ಅಟ್ಟದ ತುಂಬಾ ಸೂಟ್‌ಕೇಸು, ಒಂದು ಟ್ಯೂಬ್‌ಲೈಟು, ಇಷ್ಟೇ ರೂಮು. ಇಬ್ರೂ ಕೆಲ್ಸ ಮುಗ್ಸಿ ಎಂಟು ಗಂಟೆಗೆ ಬರ್ತೀವಿ, ಒಳಗೆ ಹೋಗಕ್ಕೇ ಮನ್ಸಾಗಲ್ಲ, ಎಷ್ಟೋ ಸಲ ಹಾಲಲ್ಲಿ ಸೋಫಾ ಮೇಲೇ ನಿದ್ದೆ ಹೋಗಿರ್ತೀವಿ. ಹತ್ತು ಸಾವಿರದೊಳಗೆ ಏನಾದ್ರೂ ಮಾಡ್ಬೋದಾ?

ಉತ್ತರ: ಖಂಡಿತ ಮಾಡ್ಬೋದು, ಸ್ವಲ್ಪ ದುಡ್ಡು ಉಳಿಯತ್ತೆ ಕೂಡ.

ಮೊದ್ಲು ಬೆಳಕು. ಬಲ್ಬ್ ತರುವಾಗ ಡಬ್ಬದ ಮೇಲೆ ಕೆಲ್ವಿನ್ ಅಂತ ಒಂದು ನಂಬರ್ ಇರತ್ತೆ ನೋಡಿ. 6500 ಅಂತಿದ್ರೆ ಬಿಳಿ, ನೀಲಿಗೆ ತಿರುಗಿರೋ ಬೆಳಕು, ನಮ್ಮ ಮನೆಗಳಲ್ಲಿ ಹೆಚ್ಚಾಗಿ ಇರೋದು ಅದೇ, ಆಫೀಸಲ್ಲೂ ಅದೇ, ಮೆಡಿಕಲ್ ಶಾಪಲ್ಲೂ ಅದೇ. ದಿನವೆಲ್ಲಾ ಆಫೀಸಲ್ಲಿ ಅದರ ಕೆಳಗೇ ಕೂತು ಬಂದವರಿಗೆ ಮನೇಲೂ ಅದೇ ಬೆಳಕು ಹಾಕಿದ್ರೆ ಮೈಮನಸ್ಸು ಸಡಿಲ ಆಗೋದು ಹೇಗೆ? 2700ರಿಂದ 3000 ಕೆಲ್ವಿನ್ ಒಳಗಿನ ವಾರ್ಮ್ ವೈಟ್ ತಗೊಳ್ಳಿ, ದೀಪದ ಬೆಳಕಿನ ತರ ಹಳದಿ ಇರತ್ತೆ. ಟ್ಯೂಬ್‌ಲೈಟ್ ತೆಗೆಸ್ಬೇಡಿ, ಕಸ ಗುಡಿಸೋಕೆ, ಬೀರುವಿನಲ್ಲಿ ಬಟ್ಟೆ ಹುಡುಕೋಕೆ ಬೇಕೇ ಬೇಕು, ಆದ್ರೆ ರಾತ್ರಿ ಊಟ ಆದ್ಮೇಲೆ ಅದನ್ನ ಹಾಕೋದು ಬೇಡ. ಮಂಚದ ಎರಡೂ ಕಡೆ ಒಂದೊಂದು ಚಿಕ್ಕ ಟೇಬಲ್ ಲ್ಯಾಂಪು ಸಾಕು, ಮೊಳೇನೂ ಬೇಡ, ವೈರಿಂಗೂ ಬೇಡ. ಇಬ್ಬರಲ್ಲಿ ಒಬ್ರು ಓದ್ತಾ ಇದ್ರೆ ಇನ್ನೊಬ್ರು ಲೈಟ್ ಆರಿಸಿ ಮಲಗ್ಬೋದು, ಹೊಸದಾಗಿ ಮದ್ವೆ ಆದವರಿಗೆ ಇದು ಸಣ್ಣ ವಿಷ್ಯ ಅಲ್ಲ.

ಆಮೇಲೆ ಮಂಚ. ನೀವು ಅಳತೆ ಬರೆದಿಲ್ಲ, ಕ್ವೀನ್ ಸೈಜ್ ಅಂದ್ಕೊಳ್ತೀನಿ, ಅಂದ್ರೆ 5 ಅಡಿ ಅಗಲ, 6.5 ಅಡಿ ಉದ್ದ. ಫೋಟೋದಲ್ಲಿ ಗೋಡೆಗೆ ಒತ್ತಿ ಹಾಕಿದ್ದೀರ, ಒಳಗಡೆ ಮಲಗಿದವರು ರಾತ್ರಿ ಏಳ್ಬೇಕಂದ್ರೆ ಇನ್ನೊಬ್ರನ್ನ ದಾಟ್ಕೊಂಡೇ ಬರ್ಬೇಕು. 10 ಅಡಿ ಗೋಡೆಯ ಮಧ್ಯಕ್ಕೆ ತಂದ್ರೆ ಎರಡೂ ಕಡೆ ಎರಡೂವರೆ ಅಡಿ ಸಿಗತ್ತೆ, ಓಡಾಡೋಕೆ ಧಾರಾಳ. ಬೀರು ಈಗ ಕಾಲ ಕಡೆ ಇದೆ, ಅದರ ಕನ್ನಡೀಲಿ ಮಲಗಿರೋ ನೀವೇ ಕಾಣ್ತೀರ. ತಲೆ ಇಡೋ ಗೋಡೆಯ ಮೂಲೆಗೆ ಹಿಡಿಯತ್ತಾ ಅಂತ ಅಳೆದು ನೋಡಿ, ಆಗ್ಲಿಲ್ಲ ಅಂದ್ರೆ ಬಾಗಿಲ ಹಿಂದೆ. ಅಮ್ಮ ಕೊಟ್ಟ ಬೀರು, ಮಾರೋ ಮಾತು ಬೇಡ, ಮಲಗಿದವರ ಕಣ್ಣಿಗೆ ಬೀಳದ ಜಾಗದಲ್ಲಿದ್ರೆ ಆಯ್ತು.

ಅಟ್ಟಕ್ಕೆ ನನ್ನ ಹತ್ರ ಒಂದು ಇಷ್ಟದ ಉಪಾಯ ಇದೆ, ಗುಳೇದಗುಡ್ಡ ಖಣ. ಅದನ್ನ ರವಿಕೆಗೆ ಅಂತಲೇ ನೇಯ್ದಿರೋದ್ರಿಂದ ಪನ್ನ ಚಿಕ್ಕದು, ಅಟ್ಟದ ಎತ್ತರಕ್ಕೆ ಹೆಚ್ಚುಕಮ್ಮಿ ಸರಿಯಾಗಿ ಕೂತ್ಕೊಳತ್ತೆ, ಅಡ್ಡಡ್ಡ ಹಿಡಿದು ನೆರಿಗೆ ಸೇರಿಸಿ ಹೊಲಿಸಿದ್ರೆ 10 ಅಡಿ ಅಟ್ಟಕ್ಕೆ ಐದು ಮೀಟರ್ ಸಾಕು. ಅಂಟಿಸೋ ಹುಕ್ ಹಾಕಿ, ಕರ್ಟನ್ ಸ್ಪ್ರಿಂಗ್ ವೈರಲ್ಲಿ ನೇತಾಕಿ. ಸೂಟ್‌ಕೇಸ್ ಎಲ್ಲಾ ಮರೆ ಆಗತ್ತೆ, ಹಳದಿ ಬೆಳಕಲ್ಲಿ ಆ ಬಟ್ಟೆ ಹೊಳೆಯೋದನ್ನ ಒಂದ್ಸಲ ನೋಡ್ಬೇಕು ನೀವು.

ಕಿಟಕಿಗೆ ಅಂಗಡಿಯವರು 5 ಅಡಿ ಪರದೆ ಕೊಡ್ತಾರೆ, ಅದು ಗಿಡ್ಡ ಲಂಗದ ಹಾಗೆ ಅರ್ಧಕ್ಕೇ ನಿಲ್ಲತ್ತೆ. ಬಾಗಿಲಿಗೆ ಅಂತ ಬರೋ 7 ಅಡಿದು ತಗೊಳ್ಳಿ, ಈಗಿರೋ ರಾಡಿಗೇ ಹಾಕಿ, ನೆಲಕ್ಕೆ ಮುಟ್ಟೋ ಹಾಗೆ ಕೆಳಗೆ ಮಡಚಿ ಹೊಲಿಸಿ, ರೂಮೇ ಎತ್ತರ ಕಾಣತ್ತೆ. ಕಿಟಕಿ ಅಗಲದ ಎರಡರಷ್ಟು ಬಟ್ಟೆ ಇದ್ರೇನೇ ನೆರಿಗೆ ಬರೋದು. ಬೆಡ್‌ಶೀಟ್ ಎರಡು ಸೆಟ್, ಶುದ್ಧ ಹತ್ತೀದು, ತಿಳಿ ಬಣ್ಣದ್ದು. ಮುಟ್ಟಿದ್ರೆ ಜಾರೋ ಹಾಗಿರೋ ಅಗ್ಗದ ಮೈಕ್ರೋಫೈಬರ್ ಅಂದ್ರೆ ಪಾಲಿಯೆಸ್ಟರ್, ಬೆವರು ಹೀರಲ್ಲ, ಬೇಡ. ಲ್ಯಾಂಪು ಬಲ್ಬು ಎರಡು ಸಾವಿರ, ಶೀಟು ಮೂರು, ಪರದೆ ಎರಡು, ಖಣ ಮತ್ತು ಹೊಲಿಗೆ ಒಂದೂವರೆ ಅಂತ ಇಟ್ಕೊಳ್ಳಿ. ಉಳಿದಿದ್ದಕ್ಕೆ ಇಬ್ರೂ ಒಂದಿನ ಹೊರಗೆ ಊಟ ಮಾಡ್ಕೊಂಡು ಬನ್ನಿ, ಬಂದ್ಮೇಲೆ ಆ ಲ್ಯಾಂಪ್ ಹಾಕಿ.

ಪ್ರಶ್ನೆ: ನಮ್ದು ತೀರ್ಥಹಳ್ಳಿ ಹತ್ರ ಹಳ್ಳಿ. ಮಳೆಗಾಲದಲ್ಲಿ ಮಲಗೋ ಕೋಣೆ ಮುಗ್ಗಲು ವಾಸನೆ, ಉತ್ತರದ ಗೋಡೆ ತುಂಬಾ ಕಪ್ಪು ಕಪ್ಪು ಬೂಷ್ಟು. ಮಗನ ಮದ್ವೆ ಡಿಸೆಂಬರಲ್ಲಿ, ಅಷ್ಟರೊಳಗೆ ಚಂದ ಮಾಡ್ಬೇಕು. ಗೋಡೆಗೆ ವಾಲ್‌ಪೇಪರ್ ಹಚ್ಚಿದ್ರೆ ಮುಚ್ಚಿಹೋಗತ್ತೆ ಅಂತ ಪರಿಚಯದವರು ಹೇಳಿದ್ರು.

ಉತ್ತರ: ದಯವಿಟ್ಟು ಹಚ್ಚಬೇಡಿ. ಡಿಸೆಂಬರಲ್ಲಿ ಚಂದ ಕಾಣತ್ತೆ, ಜುಲೈ ಹೊತ್ತಿಗೆ ಸೊಸೆ ಬಂದು ಮೊದ್ಲ ಮಳೆಗಾಲ ಕಳೆಯೋವಾಗ ಅದರ ಹಿಂದೆ ಬೂಷ್ಟು ಬೆಳ್ದು ಪೇಪರ್ ಗುಳ್ಳೆ ಎದ್ದಿರತ್ತೆ. ಕಾಗದ, ಅಂಟು ಎರಡೂ ಬೂಷ್ಟಿಗೆ ಊಟ. ವರ್ಷಕ್ಕೆ 7000 ಮಿಲಿಮೀಟರ್‌ಗೂ ಮಿಕ್ಕಿ ಮಳೆ ಬೀಳೋ ಆಗುಂಬೆಯ ಪಕ್ಕದ ಸೀಮೆ ನಿಮ್ದು, ಅಲ್ಲಿನ ಗೋಡೆಗೆ ಉಸಿರಾಡೋಕೆ ಬಿಡ್ಬೇಕು. ನೀರು ಎಲ್ಲಿಂದ ಬರ್ತಿದೆ ಅಂತ ಈಗ್ಲೇ ಹೊರಗಿನಿಂದ ನೋಡಿಸಿ, ಹೆಂಚು ಜರುಗಿದ್ಯಾ, ಸೂರಿನ ನೀರು ಗೋಡೆಗೇ ಸಿಡೀತಿದ್ಯಾ, ಗೋಡೆ ಬುಡದಲ್ಲಿ ಮಣ್ಣು ಏರಿದ್ಯಾ. ಅದು ಸರಿಯಾಗದೆ ಒಳಗೆ ಏನ್ ಮಾಡಿದ್ರೂ ದಂಡ. ಆಮೇಲೆ ಬೂಷ್ಟನ್ನ ಮೂಗಿಗೆ ಬಟ್ಟೆ ಕಟ್ಕೊಂಡು ಒದ್ದೆ ಬಟ್ಟೇಲೇ ಒರೆಸಿ ತೆಗೀರಿ, ಒಣಗಿದ್ದನ್ನ ಹಾಗೇ ಕೆರೆದ್ರೆ ಮನೆಯೆಲ್ಲಾ ಹರಡತ್ತೆ. ಮಳೆ ನಿಂತು ಗೋಡೆ ಪೂರ್ತಿ ಒಣಗಿದ ಮೇಲೆ ಸುಣ್ಣ ಹೊಡೆಸಿ. ನಿಜವಾದ ಸುಣ್ಣ, ಪ್ಲಾಸ್ಟಿಕ್ ಪೇಂಟ್ ಅಲ್ಲ. ಸುಣ್ಣದ ಕ್ಷಾರದಲ್ಲಿ ಬೂಷ್ಟು ಸುಲಭಕ್ಕೆ ಬೇರು ಬಿಡಲ್ಲ, ಗೋಡೆಯ ತೇವವೂ ಹೊರಗೆ ಹೋಗತ್ತೆ. ಹಳೇ ಪೇಂಟ್ ಇದ್ರೆ ಅದನ್ನ ಪೂರ್ತಿ ಕೆರೆಸಿಯೇ ಹೊಡೆಸ್ಬೇಕು, ಇಲ್ದಿದ್ರೆ ಹಿಡಿಯಲ್ಲ.

ಮಂಚ, ಕಪಾಟು ಎಲ್ಲಾ ಗೋಡೆಯಿಂದ ನಾಲ್ಕು ಇಂಚು ಈಚೆ ಇರ್ಲಿ. ಹಾಸಿಗೆ ನೆಲದ ಮೇಲಾಗ್ಲಿ ಪ್ಲೈವುಡ್ ಮುಚ್ಚಿದ ಬಾಕ್ಸ್ ಮಂಚದ ಮೇಲಾಗ್ಲಿ ಬೇಡ, ಪಟ್ಟಿ ಪಟ್ಟಿ ಬಡಿದ ಹಳೇ ಕಾಲದ ಮಂಚವೇ ನಿಮ್ಮೂರಿಗೆ ಸರಿ, ಕೆಳಗಿಂದ ಗಾಳಿ ಆಡತ್ತೆ. ಮನೇಲಿ ಬೂರುಗದ ಹತ್ತಿ ಸಿಗೋ ಹಾಗಿದ್ರೆ ದಿಂಬಿಗೆ ಅದನ್ನೇ ತುಂಬ್ಸಿ, ಆ ಎಳೆ ನೀರು ಹೀರೋದು ಕಮ್ಮಿ, ಬಿಸಿಲು ಕಂಡ ದಿನ ಅಂಗಳದಲ್ಲಿ ಹರವಿದ್ರೆ ಉಬ್ಬಿ ಬರತ್ತೆ. ಕಪಾಟಲ್ಲಿ ಒಂದು ಹಿಡಿ ಲಾವಂಚದ ಬೇರು ಬಟ್ಟೇಲಿ ಕಟ್ಟಿಡಿ. ಬಿಳೀ ಸುಣ್ಣದ ಗೋಡೆ, ಕೆಂಪು ನೆಲ, ಹಳೇ ಮರದ ಮಂಚ, ಇಷ್ಟಿದ್ದ ಮೇಲೆ ಮದ್ವೆಗೆ ಹೊಸ ಪರದೆ ಒಂದಿದ್ರೆ ಸಾಕು ಅನ್ಸತ್ತೆ ನಂಗೆ.

ಪ್ರಶ್ನೆ: ಬೆಡ್‌ರೂಮಲ್ಲಿ ಸ್ನೇಕ್ ಪ್ಲಾಂಟ್ ಇಟ್ರೆ ಗಾಳಿ ಶುದ್ಧ ಆಗತ್ತಂತೆ, ನಿಜಾನಾ? (ಮೈಸೂರು)

ಉತ್ತರ: 1989ರಲ್ಲಿ ನಾಸಾ ಮಾಡಿದ ಪ್ರಯೋಗದಿಂದ ಹಬ್ಬಿದ ಮಾತದು, ಅದು ಗಾಳಿಯಾಡದ ಮುಚ್ಚಿದ ಪೆಟ್ಟಿಗೆ ಒಳಗೆ ಮಾಡಿದ್ದು. ಕಿಟಕಿ ಬಾಗಿಲು ಇರೋ ಮನೇಲಿ ಒಂದೆರಡು ಕುಂಡದಿಂದ ಲೆಕ್ಕಕ್ಕೆ ಸಿಗೋ ಅಷ್ಟು ಶುದ್ಧ ಆಗಲ್ಲ, ಕಿಟಕಿ ತೆಗೀರಿ. ಗಿಡ ಕಣ್ಣಿಗೆ ತಂಪು, ಅದಕ್ಕೋಸ್ಕರ ಇಡಿ, ತಟ್ಟೇಲಿ ನೀರು ನಿಲ್ಲೋಕೆ ಬಿಡ್ಬೇಡಿ, ಸೊಳ್ಳೆ ಮೊಟ್ಟೆ ಇಡತ್ತೆ.

ಪ್ರಶ್ನೆ: ನಮಸ್ಕಾರ್ರೀ ಮೇಡಂ. ನಮ್ದು ವಿಜಯಪುರ. ಮ್ಯಾಲಿನ ಮನ್ಯಾಗ ಬೆಡ್‌ರೂಮ್ ಐತ್ರಿ, ಪಶ್ಚಿಮಕ್ಕ ದೊಡ್ಡ ಕಿಟಕಿ. ಬ್ಯಾಸಗ್ಯಾಗ ರಾತ್ರಿ ಹನ್ನೊಂದಾದ್ರೂ ಗ್ವಾಡಿ ಮುಟ್ಟಿದ್ರ ಬಿಸಿನ ಇರ್ತೈತ್ರಿ. ಮಗಳು ಹೋಟೆಲ್ ರೂಮಿನಂಗ ಮಾಡಸು ಅಂತ ಹಟ ಹಿಡದಾಳ, ಮರೂನ್ ಕಲರ್, ವೆಲ್ವೆಟ್ ಹೆಡ್‌ಬೋರ್ಡ್, ಪಿಒಪಿ ಸೀಲಿಂಗ್. ನಮ್ಮನಿಯವ್ರು ಏನೂ ಬ್ಯಾಡ ಅಂತಾರ. ಏನ್ ಮಾಡೂಣ್ರಿ?

ಉತ್ತರ: ಇಬ್ಬರ ಮಾತಲ್ಲೂ ಸ್ವಲ್ಪ ಸ್ವಲ್ಪ ಸರಿ ಇದೆ. ದುಡ್ಡು ಮೊದ್ಲು ರೂಮಿನ ಹೊರಗೆ ಹಾಕಿ. ದಿನವೆಲ್ಲಾ ಬಿಸಿಲು ಕುಡಿದ ಆರ್‌ಸಿಸಿ ಸ್ಲ್ಯಾಬ್ ರಾತ್ರಿ ಆ ಬಿಸೀನ ಒಳಗೆ ಬಿಡತ್ತೆ, ನೀವು ಹೇಳಿದ ಹನ್ನೊಂದು ಗಂಟೆ ಸೆಕೆ ಅದೇ. ಫೆಬ್ರವರಿ ಮುಗಿಯೋದ್ರೊಳಗೆ ಮಾಳಿಗೆ ಮೇಲೆ ಸುಣ್ಣ ಅಥವಾ ಬಿಸಿಲು ತಡಿಯೋ ಬಿಳೀ ಪೇಂಟ್ ಹಚ್ಚಿಸಿ. ಪಶ್ಚಿಮದ ಕಿಟಕಿಗೆ ಬಿದಿರಿನ ಪರದೆ ಹೊರಗಡೆ ಇಳಿಬಿಡಿ. ಒಳಗೆ ಎಷ್ಟು ದಪ್ಪ ಕರ್ಟನ್ ಹಾಕಿದ್ರೂ ಬಿಸಿಲು ಗಾಜು ದಾಟಿ ಒಳಗೆ ಬಂದಾಗಿರತ್ತೆ, ತಡಿಯೋದಿದ್ರೆ ಹೊರಗೇ ತಡೀಬೇಕು. ಪಿಒಪಿ ಸೀಲಿಂಗಿಂದ ನಡುವೆ ಗಾಳಿ ಪದರ ಸಿಕ್ಕಿ ಸ್ವಲ್ಪ ಅನುಕೂಲ ಆಗತ್ತೆ, ಆದ್ರೆ ರೂಮಿನ ಎತ್ತರ 10 ಅಡಿ ಇದ್ರೆ ಮಾತ್ರ ಯೋಚ್ನೆ ಮಾಡಿ, ಒಂಬತ್ತೇ ಅಡಿ ಇದ್ರೆ ಫ್ಯಾನು ತಲೆ ಮೇಲೇ ಬಂದ ಹಾಗಾಗತ್ತೆ.

ಇನ್ನು ಮಗಳ ಆಸೆ. ವೆಲ್ವೆಟ್ ಬೇಡ, ನಿಮ್ಮೂರ ಧೂಳಿಗೆ ವಾರಕ್ಕೆರಡು ಸಲ ಒರೆಸ್ಬೇಕಾಗತ್ತೆ, ಬೇಸಿಗೇಲಿ ಒರಗಿದ್ರೆ ಬೆನ್ನು ಬೆವರತ್ತೆ. ಮರೂನ್ ಕೊಡಿ, ಅದರಿಂದ ಸೆಕೆ ಏನೂ ಜಾಸ್ತಿ ಆಗಲ್ಲ, ಆದ್ರೆ ತಲೆ ಇಡೋ ಗೋಡೆ ಒಂದಕ್ಕೇ ಕೊಡಿ. 10 ಅಡಿಗೆ 10 ಅಡಿ ಗೋಡೆ ಅಂದ್ರೆ ಎರಡು ಲೀಟರ್ ಪೇಂಟಲ್ಲಿ ಎರಡು ಕೋಟ್ ಆಗತ್ತೆ. ಬಾಗಿಲಿಂದ ನೋಡಿದ್ರೆ ಅವಳು ಕೇಳಿದ ಹೋಟೆಲ್ ರೂಮೇ ಕಾಣತ್ತೆ, ಮಲಗಿದಾಗ ಆ ಕಡುಬಣ್ಣ ತಲೆ ಹಿಂದೆ ಇರತ್ತೆ, ಎದುರಿಗೆ ತಿಳಿ ಬಣ್ಣದ ಗೋಡೆ ಇರತ್ತೆ.

ಆ ಎದುರಿನ ಗೋಡೆಗೆ ಏನು ಹಾಕೋದು ಅಂದ್ರೆ, ನಿಮ್ಮ ಮನೇಲಿ ಅಜ್ಜಿ ಕಾಲದ ಇಳಕಲ್ ಸೀರೆ ಹರಿದಿರೋದು ಇದ್ದೇ ಇರತ್ತೆ, ಟ್ರಂಕಿನ ತಳದಲ್ಲಿ ನೋಡಿ. ಅದರ ಟೋಪ ತೆನಿ ಸೆರಗು ಗಟ್ಟಿ ಇದ್ರೆ ಅದನ್ನ ನಡುವೆ ಇಟ್ಟು, ಮಿಕ್ಕ ಸೀರೆ ತುಂಡೆಲ್ಲಾ ಸುತ್ತ ಸೇರಿಸಿ ಒಂದು ಕೌದಿ ಹೊಲಿಸಿ. ಕೌದಿ ಹೊಲಿಯೋ ಹೆಣ್ಮಕ್ಕಳು ನಿಮ್ಮ ಕಡೆ ಇನ್ನೂ ಇದ್ದಾರೆ, ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ ಕಡೆ ಸಿದ್ದಿ ಹೆಣ್ಮಕ್ಕಳು ಹೊಲಿಯೋ ಕವಂದಿ ಅಂತೂ ಈಗ ಕಲಾ ಪ್ರದರ್ಶನಗಳಿಗೂ ಹೋಗತ್ತೆ. ದುಡ್ಡಲ್ಲಿ ಚೌಕಾಸಿ ಮಾಡ್ಬೇಡಿ, ಒಂದು ದೊಡ್ಡ ಕೌದಿ ಅಂದ್ರೆ ವಾರಗಟ್ಟಲೆ ಕೈಕೆಲ್ಸ. ಬೇಸಿಗೇಲಿ ಗೋಡೆ ಮೇಲೆ, ಚಳಿಗಾಲದಲ್ಲಿ ಮೈಮೇಲೆ. ಯಾವ ಹೋಟೆಲಲ್ಲೂ ಅವಳಿಗೆ ಅವಳ ಮುತ್ತಜ್ಜಿ ಸೀರೆ ಸಿಗಲ್ಲ, ಇದನ್ನ ನಾನು ಹೇಳಿದೆ ಅಂತ ಅವಳಿಗೆ ಹೇಳಿ.

ಪ್ರಶ್ನೆ: ಮಂಚ ಎಲ್ಲಿ ಹಾಕಿದ್ರೂ ತಲೆ ಉತ್ತರಕ್ಕೇ ಬರತ್ತೆ. ವಾಸ್ತು ಪ್ರಕಾರ ತಪ್ಪಂತೆ, ಅತ್ತೆಗೆ ನಿದ್ದೆನೇ ಬರ್ತಿಲ್ಲ. (ತುಮಕೂರು)

ಉತ್ತರ: ಅತ್ತೆಯವರ ಮನಸ್ಸಿಗೆ ಕಿರಿಕಿರಿ ಆಗ್ತಿದೆ ಅಂದ್ಮೇಲೆ ಅದನ್ನ ವಾದ ಮಾಡಿ ಗೆಲ್ಲೋದು ಬೇಡ. ಮಂಚ ತಿರುಗಿಸೋದು ಯಾಕೆ, ದಿಂಬು ತಿರುಗಿಸಿ. ಹೆಡ್‌ಬೋರ್ಡ್ ಕಡೆ ಕಾಲು, ಈ ಕಡೆ ದಕ್ಷಿಣಕ್ಕೆ ತಲೆ. ದಿಂಬು ಜಾರದ ಹಾಗೆ ಆ ತುದಿಗೆ ಒಂದು ಉದ್ದ ಲೋಡು ಇಡಿ, ಸ್ವಿಚ್ ದೂರ ಆದ್ರೆ ಆ ಕಡೆ ಒಂದು ದೀಪ ಇಡಿ.

ಪ್ರಶ್ನೆ: ನಾನು ದಾವಣಗೆರೆ. ಅಮ್ಮ ಹೋಗಿ ಹತ್ತು ತಿಂಗಳಾಯ್ತು. ಅಪ್ಪಂಗೆ 76. ಅವರ ರೂಮು ನೋಡಿದ್ರೆ ನಂಗೇ ಸಂಕಟ ಆಗತ್ತೆ, ಹಳೇ ಡಬಲ್ ಮಂಚ, ಅಮ್ಮನ ಹೊಲಿಗೆ ಮಿಷಿನ್ನು ಎಲ್ಲಾ ಹಾಗೇ ಇದೆ. ಎಲ್ಲಾ ತೆಗೆಸಿ ಹೊಸ ಸಿಂಗಲ್ ಮಂಚ, ಹೊಸ ಬಣ್ಣ ಮಾಡಿಸೋಣ ಅಂತಿದ್ದೀನಿ. ಅಪ್ಪ ಹೂಂ ಅನ್ನಲ್ಲ, ಉಹೂಂ ಅನ್ನಲ್ಲ. ಅಮ್ಮನ ಫೋಟೋ ಎಲ್ಲಿ ಹಾಕೋದು ಅಂತಾನೂ ಹೇಳಿ.

ಉತ್ತರ: ಸಂಕಟ ನಿಮ್ಗಾ ಅವರಿಗಾ ಅಂತ ಒಂದ್ಸಲ ಕೇಳ್ಕೊಳ್ಳಿ ತಮ್ಮಾ, ತಪ್ಪು ತಿಳೀಬೇಡಿ. ಅಪ್ಪ ಸುಮ್ನಿರೋದನ್ನ ಒಪ್ಪಿಗೆ ಅಂದ್ಕೋಬೇಡಿ. ಮಂಚ ಬದಲಾಯಿಸ್ಬೇಡಿ, ಅಷ್ಟು ವರ್ಷ ಮಲಗಿದ ಜಾಗ ಅದು, ಕತ್ತಲಲ್ಲೂ ಅದರ ಅಂಚು ಅವರ ಕೈಗೆ ಗೊತ್ತಿರತ್ತೆ. ಹಾಸಿಗೆ ಸೇರಿ ಎತ್ತರ ಎಷ್ಟಿದೆ ನೋಡಿ, ಅಂಚಿಗೆ ಕೂತಾಗ ಪಾದ ಪೂರ್ತಿ ನೆಲಕ್ಕೆ ಊರ್ಬೇಕು, 18ರಿಂದ 20 ಇಂಚು ಇದ್ರೆ ಸಾಮಾನ್ಯವಾಗಿ ಸರಿ. ತಗ್ಗಿದ್ರೆ ಕಾಲಿಗೆ ಮರದ ದಿಮ್ಮಿ ಕೊಡ್ಸಿ. ನೆಲದ ಮೇಲಿರೋ ಸಣ್ಣ ಮ್ಯಾಟ್ ಇವತ್ತೇ ತೆಗೀರಿ, ಕಾಲಿಗೆ ತೊಡರಿ ಬಿದ್ರೆ ಈ ವಯಸ್ಸಲ್ಲಿ ಸೊಂಟದ ಮೂಳೆ ಮುರಿಯೋ ಭಯ. ಮಂಚದಿಂದ ಬಾತ್‌ರೂಮಿಗೆ ಹೋಗೋ ದಾರೀಲಿ ಗೋಡೆ ಕೆಳಗಡೆ, ಕಾಲು ಇಟ್ಟಾಗ ತಾನೇ ಹತ್ತೋ ಸೆನ್ಸರ್ ಲೈಟ್ ಹಾಕ್ಸಿ, ಹಳದೀದೇ. ಮಲಗಿದಲ್ಲೇ ಕೈಗೆ ಸಿಗೋ ಹಾಗೆ ಒಂದು ಸ್ವಿಚ್ಚು, ನೀರು, ಕನ್ನಡಕ ಇಡೋಕೆ ಒಂದು ಸ್ಟೂಲು. ಬಣ್ಣ ಬೇಕಿದ್ರೆ ಅವರನ್ನೇ ಅಂಗಡಿಗೆ ಕರ್ಕೊಂಡು ಹೋಗಿ, ಅವರೇ ಆರಿಸ್ಲಿ.

ಹೊಲಿಗೆ ಮಿಷಿನ್ ಅಲ್ಲೇ ಇರ್ಲಿ. ಧೂಳು ಒರೆಸಿ, ಅದರ ಹಲಗೆ ಮೇಲೆ ಅವರ ರೇಡಿಯೋನೋ ಪೇಪರೋ ಇಡೋಕೆ ಆಗತ್ತೆ, ದಿನಾ ಕೈ ಮುಟ್ಟತ್ತೆ.

ಫೋಟೋ ರೂಮಲ್ಲಿ ಬೇಕಾ ಅಂತ ಮೊದ್ಲು ಅಪ್ಪನ್ನೇ ಕೇಳಿ, ಕೆಲವ್ರಿಗೆ ಅಷ್ಟು ಹತ್ರ ನೋಡೋಕೆ ಇನ್ನೂ ಆಗಲ್ಲ. ಬೇಕು ಅಂದ್ರೆ, ಅವರು ಯಾವ ಮಗ್ಗುಲಿಗೆ ಮಲಗ್ತಾರೆ ಅಂತ ಎರಡು ರಾತ್ರಿ ಗಮನಿಸಿ, ಆ ಕಡೆ ಗೋಡೇಲಿ ಹಾಕಿ. ನಿಂತು ನೋಡೋ ಎತ್ತರಕ್ಕೆ ಬೇಡ, ನೆಲದಿಂದ ಮೂರೂವರೆ ಅಡಿ ಸಾಕು.